ಖಾರ ಬನ್ನು ಬೇಯುವ ಹೊತ್ತು

ಉಬ್ಬುತ್ತಿವೆ, ಓವನ್ನಿನ ಗಾಜಿನಾಚೆ ಖಾರ ಬನ್ನುಗಳು ಉಬ್ಬುತ್ತಿವೆ, ಆದರೆ ಇಷ್ಟು ಬೇಗ ಉಬ್ಬಬಾರದು, ಪಕ್ಕದ ಓವನ್ನಿನಲ್ಲಿ ಮೋನಿಕಾಳ ಬನ್ನುಗಳು ಮರ್ಯಾದಸ್ಥರಂತೆ ಮೆಲ್ಲಗೆ ಮೈದುಂಬಿಕೊಳ್ಳುತ್ತಿರುವಾಗ ತನ್ನವೇಕೆ ಹೀಗೆ ಹೊಟ್ಟೆಯುಬ್ಬರಿಸಿಕೊಂಡು ಒಂದಕ್ಕೊಂದು ಅಂಟುತ್ತಿವೆ, ಬಣ್ಣವೂ ಬಿಳಿಚು, ಶರಾವತಿ ಗಾಜಿನ ಹತ್ತಿರಕ್ಕೆ ಮುಖ ತಂದು ನಿಂತಳು, ಯೀಸ್ಟ್ ಹೆಚ್ಚಾಯಿತೇ, ಇಲ್ಲ, ಅಳೆದೇ ಹಾಕಿದ್ದಳು, ಸಕ್ಕರೆ ಹಾಕಿದ್ದಳು, ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂದದ್ದು ನೆನಪಿದೆ, ಹಸಿಮೆಣಸಿನಕಾಯಿಗೆ ಬೆರಳು ಉರಿದದ್ದು ನೆನಪಿದೆ, ಮತ್ತೇನು — ಶಿವಮೊಗ್ಗದ ನವುಲೆಯ ಈ ಬೇಕರಿ ತರಬೇತಿ ಕೇಂದ್ರದಲ್ಲಿ ಮಳೆಗಾಲದಿಂದ ಕಲಿತದ್ದೆಲ್ಲ ಈ ಒಂದು ಟ್ರೇಗಾಗಿ, ಇನ್ನೇನು ಭದ್ರಾವತಿಯಿಂದ ಬೇಕರಿಯ ಷಡಕ್ಷರಪ್ಪನವರು ಬರುತ್ತಾರೆ, ತಿಂದು ನೋಡಿ ಇಬ್ಬರಲ್ಲಿ ಒಬ್ಬಳನ್ನು ಕೆಲಸಕ್ಕೆ ಆರಿಸುತ್ತಾರೆ, ಹಳೇನಗರದ ಆ ಬೇಕರಿಗೂ ಸಿರಿಯ ಶಾಲೆಗೂ ಕೂಗಳತೆಯ ದೂರ, ಶಾಲೆ ಬಿಟ್ಟೊಡನೆ ತಂಗಿ ನೇರ ತನ್ನ ಬಳಿಗೇ ಬರಬಹುದು, ಆಗ ದೊಡ್ಡಮ್ಮನ ಬಾಯಿಗೆ ಬೀಗ.

ದೊಡ್ಡಮ್ಮ, ಕುಂಸಿಯ ಶಕುಂತಲಮ್ಮ, ಭಾನುವಾರ ಬರುತ್ತಾಳಂತೆ, ಫೋನಿನಲ್ಲಿ ಆ ಸಿಹಿ ದನಿ, ಅಪ್ಪ ಅಮ್ಮ ಇಬ್ರೂ ಇಲ್ದಿರೋ ಮನೇಲಿ ಎರಡು ಹೆಣ್ಮಕ್ಳು ಹೆಂಗಿರ್ತೀರೇ, ಸಿರೀನ ನಾನು ಕರ್ಕೊಂಡು ಹೋಗ್ತೀನಿ, ನಮ್ಮ ಕೊಟ್ಟಿಗೆ ಕೆಲ್ಸಕ್ಕೂ ಒಂದು ಕೈ ಆಗುತ್ತೆ, ನಿಂಗೊಂದು ಗಟ್ಟಿ ಕೆಲ್ಸ ಸಿಕ್ಕಿದ್ರೆ ಆಮೇಲೆ ನೋಡಣ — ಒಂದು ಕೈ, ನಾಲ್ಕನೇ ಕ್ಲಾಸಿನ ಹುಡುಗಿ ದೊಡ್ಡಮ್ಮನ ಕಣ್ಣಿಗೆ ಸಗಣಿ ಬಾಚುವ ಒಂದು ಕೈ, ಅಮ್ಮ ತೀರಿಕೊಂಡಾಗ ತಿಥಿಯೂಟ ಮುಗಿಸಿ ಹೊರಟವಳು, ಅಪ್ಪನ ಕಿಡ್ನಿ ಕೈಕೊಟ್ಟು, ಡಯಾಲಿಸಿಸ್ಸಿಗೆಂದು ಭದ್ರಾವತಿಯ ಬಸ್ಸಿನಲ್ಲಿ ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಕಾಲೇಜು ಬಿಟ್ಟ ಈ ಶರಾವತಿ ಶಿವಮೊಗ್ಗಕ್ಕೆ ಅಲೆಯುತ್ತಿದ್ದಾಗ ಒಂದು ದಿನವೂ ಜೊತೆಗೆ ಬಾರದವಳು, ಈಗ ಬರುತ್ತಾಳೆ, ಮನೆಯ ಅಡುಗೆಯನ್ನು ಮೂದಲಿಸುತ್ತಾಳೆ ಬೇರೆ, ಇದೇನೇ ಸಾರು, ಬಾಯಿಗಿಡಕ್ಕಾಗಲ್ಲ ಅಂತ, ಹೌದು, ತಮ್ಮ ಮನೆಯಲ್ಲಿ ಪಾತ್ರೆಗೆ ಹಾಕುವುದೇ ಇಲ್ಲ, ವೈದ್ಯರು ಅಪ್ಪನಿಗೆ ಬೇಡವೆಂದ ದಿನದಿಂದ ಎಲ್ಲರಿಗೂ ಒಂದೇ ಸಪ್ಪೆ ಅಡುಗೆ, ಬೇಕಾದವರು ತಟ್ಟೆಯಲ್ಲಿ ಬೆರೆಸಿಕೊಳ್ಳುವುದು, ಅಪ್ಪ ಹೋದ ಮೇಲೂ ಅದೇ ರೂಢಿ, ಕೈಗೆ ಡಬ್ಬಿಯ ಕಡೆ ಹೋಗುವ ಅಭ್ಯಾಸವೇ ತಪ್ಪಿ — ಉಪ್ಪು, ಹಿಟ್ಟಿಗೆ ಉಪ್ಪು ಹಾಕಿಲ್ಲ.

ಹಾಳಾದ ಕೈ, ಬೇರೆ ಏನನ್ನಾದರೂ ಮರೆಯಬಾರದಿತ್ತೇ, ಓವನ್ ತೆಗೆಯುವಂತಿಲ್ಲ, ಮತ್ತೆ ಕಲಸುವಂತಿಲ್ಲ, ಕಲಿಸುವ ಬಸವರಾಜೇಶ್ವರಿ ಮೇಡಂ ಬೆಳಿಗ್ಗೆಯೇ ಹೇಳಿದ್ದಾರೆ, ಟ್ರೇ ಒಳಗೆ ಹೋದ್ಮೇಲೆ ಮುಗೀತು, ಗಿರಾಕಿ ನಿಮ್ಮನ್ನ ಕಾಯ್ಕೊಂಡು ಕೂರಲ್ಲ, ಏನೇ ಮುಖ ಹಂಗಾಯ್ತು ಎಂದು ಪಕ್ಕದಿಂದ ಮೋನಿಕಾ, ಉಪ್ಪು ಹಾಕಿಲ್ಲ ಕಣೇ, ಅಯ್ಯೋ ಮಾರಾಯ್ತಿ, ಖಾರ ಬನ್ನು ಮಾಡು ಅಂದ್ರೆ ಆಸ್ಪತ್ರೆ ಬನ್ನು ಮಾಡಿದ್ಯಲ್ಲ, ನಗುತ್ತಾಳೆ, ಅವಳ ಮನೆಯಲ್ಲೂ ತಂದೆತಾಯಿಯಿಲ್ಲ, ಹಾಸಿಗೆ ಹಿಡಿದ ಅಜ್ಜಿ, ಅವಳಿಗೂ ಇದೇ ಕೆಲಸ ಬೇಕು, ಆದರೂ ಕಿವಿಯ ಬಳಿ ಬಾಗಿ ಉಪಾಯ ಕೊಡುವವಳು ಅವಳೇ, ಬೆಣ್ಣೆಗೆ ಉಪ್ಪು ಕಲಸಿ ಬಿಸಿ ಇರೋವಾಗ್ಲೇ ಮೇಲೆ ಬಳಿ, ಖಾರದಲ್ಲಿ ಯಾರಿಗೆ ಗೊತ್ತಾಗುತ್ತೆ — ಓವನ್ನಿನ ಗಂಟೆ ಹೊಡೆಯಿತು, ಟ್ರೇ ಹೊರಬಂತು, ಹೇಳಿಬಿಡಲೇ, ಯಾರಿಗೆ, ಮೇಡಂ ಗೇಟಿನಲ್ಲಿದ್ದಾರೆ, ಹೇಳಿದರೆ ಇಲ್ಲಿಗೇ ಮುಗಿಯಿತು, ಬ್ರಷ್ಷು ಓಡುತ್ತಿದೆ, ಬನ್ನಿನ ನೆತ್ತಿಗಳು ಮಿರಮಿರ ಮಿಂಚುತ್ತಿವೆ, ನಾಲಿಗೆಯ ತುದಿಗೆ ಹಚ್ಚಿ ನೋಡಿದರೆ ಹದವಾದ ಉಪ್ಪು, ಸಾಕು, ಇಷ್ಟಾದರೆ ಸಾಕು.

ಷಡಕ್ಷರಪ್ಪನವರು ಬಂದರು, ಹಣೆಯಲ್ಲಿ ವಿಭೂತಿ, ಕೆನ್ನೆಯಲ್ಲಿ ನರೆತ ಕುರುಚಲು, ಏನ್ ಮೇಡಂ, ಇವತ್ತು ನನ್ನ ಹೊಟ್ಟೆ ನಿಮ್ಮ ಜವಾಬ್ದಾರಿ ಎಂದು ನಗುತ್ತ ಮೋನಿಕಾಳ ಬನ್ನನ್ನು ಮೊದಲು ಎತ್ತಿಕೊಂಡರು, ನೆತ್ತಿಯನ್ನು ಮುಟ್ಟಲಿಲ್ಲ, ತಳದಿಂದ ಎರಡಾಗಿ ಬಿಡಿಸಿ ಮೇಲಿನ ಹೋಳನ್ನು ಬದಿಗಿಟ್ಟರು, ಮೇಲಿನ ಮಿಂಚು ಬೆಣ್ಣೇದು, ಮಾಡಿದೋರ ಕೈ ಇರೋದು ಒಳಗೆ ಅಂದರು, ನಡುವಿನ ತಿರುಳನ್ನು ಮಾತ್ರ ಕಿತ್ತು ಬಾಯಿಗಿಟ್ಟುಕೊಂಡರು, ಒಳಗೆ, ಒಳಗೇನಿದೆ ತನ್ನದರಲ್ಲಿ, ಈಗಲಾದರೂ ಹೇಳು, ಬಾಯಿ ಬಿಡು, ಅವರು ಆಗಲೇ ಎರಡನೆಯ ಟ್ರೇಗೆ ತಿರುಗಿ ಅವಳ ಬನ್ನಿನ ಹೊಟ್ಟೆ ಬಗೆದರು, ಸರ್ ಎಂದಳು, ಇರಮ್ಮ ತಿನ್ನಕ್ಕೆ ಬಿಡು ಎಂದರು, ದವಡೆ ಒಮ್ಮೆ ಆಡಿತು, ಮತ್ತೊಮ್ಮೆ ಆಡಿತು, ನಿಂತಿತು — ನಿಂತ ದವಡೆ, ಇದನ್ನವಳು ಬಲ್ಲಳು, ಅಪ್ಪನ ದವಡೆಯೂ ಮೊದಲ ತುತ್ತಿಗೆ ಹೀಗೆಯೇ ನಿಲ್ಲುತ್ತಿತ್ತು, ನಿಂತು, ಅವಳ ಮುಖ ನೋಡಿ, ಚೆನ್ನಾಗಿದೆ ಕಣಮ್ಮ ಅಂದು, ಮತ್ತೆ ಆಡುತ್ತಿತ್ತು, ಈ ಕೈಯನ್ನು ಕೆಡಿಸಿದ್ದು ನೀನೇ ಅಪ್ಪ, ಒಂದು ದಿನವಾದರೂ ತಟ್ಟೆ ನೂಕಿ ಬೈದಿದ್ದರೆ — ಷಡಕ್ಷರಪ್ಪನವರು ತುತ್ತನ್ನು ಕಾಗದದ ಚೂರಿಗೆ ಉಗುಳಿ ಮಡಚಿದರು, ಬೈಯಲಿಲ್ಲ, ಮೊದಲ್ನೇ ಟ್ರೇ ಹುಡುಗಿ ಸೋಮವಾರದಿಂದ ಬರ್ಲಿ ಮೇಡಂ ಅಂದರು, ಅಷ್ಟೇ, ಮೋನಿಕಾ ತಲೆಯೆತ್ತಲಿಲ್ಲ, ಮೇಡಂ ಏನನ್ನೋ ಹೇಳುತ್ತಿದ್ದಾರೆ, ಭಾನುವಾರ ಮೊದಲ ಬಸ್ಸಿಗೆ ದೊಡ್ಡಮ್ಮ, ಬಾಗಿಲಲ್ಲಿ ಸಿರಿಯ ಬಟ್ಟೆಚೀಲ, ಏನಾದರೂ ಮಾಡಬೇಕು, ಬೇರೆ ಬೇಕರಿ ಕೇಳಬೇಕು, ಯಾರಿಗೆ ಕೇಳಬೇಕು, ಯೋಚನೆ ಮುಂದಕ್ಕೆ ಹೋಗುತ್ತಿಲ್ಲ, ಅಗಿಯುವುದನ್ನು ಬಿಟ್ಟ ಆ ದವಡೆ, ಅವರದೋ ಅಪ್ಪನದೋ, ನಿಂತಿದೆ, ಆಡುತ್ತಿಲ್ಲ, ನಿಂತೇ ಇದೆ, ನಿಂತ ದವಡೆ