ಬಾಗಿಲ ಕಡೆಗೆ ಪಾಠ

ಹಲಸೂರಿನ ಸಂಜೆ ಕಾಲೇಜಿಗೆ ವಿರೂಪಾಕ್ಷ ಇತಿಹಾಸದ ಉಪನ್ಯಾಸಕನಾಗಿ ಸೇರಿದ್ದು ತೊಂಬತ್ತೇಳರ ಮಳೆಗಾಲದಲ್ಲಿ. ಹಗಲು ಚಿಕ್ಕ ಮಕ್ಕಳ ಶಾಲೆಯಾಗಿರುತ್ತಿದ್ದ ಕಟ್ಟಡ ಸಂಜೆಯಾದರೆ ಪಿಯುಸಿ ಕಾಲೇಜಾಗುತ್ತಿತ್ತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಒತ್ತಿಕೊಂಡು ಕೂರುತ್ತಿದ್ದರು. ಆಫೀಸಿನ ಅಟೆಂಡರುಗಳು, ಗಾರ್ಮೆಂಟ್ಸಿನ ಹೆಂಗಸರು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿ ಹುಡುಗರು.

ವಿರೂಪಾಕ್ಷ ಕುಷ್ಟಗಿ ಕಡೆಯ ಹಳ್ಳಿಯವನು. ಎಂ.ಎ.ಯಲ್ಲಿ ಬರೆದುಕೊಂಡ ನೋಟ್ಸು ಹಿಡಿದು ಓದುತ್ತಾ ಹೋದ. ಹಗಲೆಲ್ಲ ದುಡಿದು ಬಂದವರಿಗೆ ಅದು ಜೋಗುಳವಾಯಿತು. ಒಬ್ಬರ ಹಿಂದೊಬ್ಬರು ತೂಕಡಿಸುತ್ತಿದ್ದರು.

ಪ್ರಿನ್ಸಿಪಾಲ್ ಶೇಖರಪ್ಪನವರು ಒಂದು ದಿನ ಕರೆದು ಹೇಳಿದರು: "ನಿಮ್ದೂ ಅಂತ ಒಂದು ಶೈಲಿ ಬೇಕು ಕಣ್ರೀ. ನೋಟ್ಸ್ ಓದೋದಾದ್ರೆ ನಮ್ಮ ವಾಚ್‌ಮನ್ನೂ ಓದ್ತಾನೆ."

ಎಲ್ಲಿಂದ ತರುವುದು ಶೈಲಿಯನ್ನು? ವಿರೂಪಾಕ್ಷನಿಗೆ ನೆನಪಾದದ್ದು ಊರಿನ ಶಾಲೆಯ ಭಗವಂತರಾಯ ಮಾಸ್ತರರು. ಅವರ ತರಗತಿಯಲ್ಲಿ ಒಂದು ರೂಢಿಯಿತ್ತು. ಉತ್ತರ ಬಾರದವನು ನಿಂತೇ ಇರಬೇಕು. ಉತ್ತರ ಹೇಳಿದವನು ಬಂದು ಅವನ ಮೂಗು ಹಿಡಿದು ಕೆನ್ನೆಗೊಂದು ತಟ್ಟಬೇಕು. ಸುತ್ತಲ ಊರುಗಳಲ್ಲೆಲ್ಲ ಇದ್ದ ಪದ್ಧತಿಯೇ ಅದು. ಮೂಗು ಹಿಡಿಸಿಕೊಂಡವರೂ ನಗುತ್ತಿದ್ದರು, ಅಥವಾ ನಗುತ್ತಿದ್ದರು ಎಂದು ಅವನಿಗೆ ನೆನಪಿತ್ತು.

ಒಂದು ಸಂಜೆ ಅತ್ತರಿನ ಅಂಗಡಿಯ ಫೈಸಲ್ ಉತ್ತರ ಹೇಳಲಾರದೆ ನಿಂತಾಗ, ಉತ್ತರ ಹೇಳಿದ ಅಟೆಂಡರ್ ಮುನಿಕೃಷ್ಣಪ್ಪನಿಗೆ ವಿರೂಪಾಕ್ಷ ಅಂದ: "ಹೋಗ್ರಿ, ಅವನ ಮೂಗು ಹಿಡೀರಿ."

ತರಗತಿ ಬಿದ್ದು ಬಿದ್ದು ನಕ್ಕಿತು. "ಮೆತ್ತಗೆ ಗುರು, ನೆಗಡಿ ಆಗಿದೆ!" ಎಂದು ಫೈಸಲ್ ಕೂಗಿದ. ಅಂದಿನಿಂದ ಯಾರೂ ತೂಕಡಿಸಲಿಲ್ಲ. ಹೆಂಗಸರ ಸರದಿ ಬಂದರೆ, "ನೀವು ದೂರದಿಂದನ ಹಿಡೀರಿ, ಗಾಳ್ಯಾಗ" ಎನ್ನುತ್ತಿದ್ದ. ಅವರು ಸೆರಗು ಬಾಯಿಗೆ ಒತ್ತಿಕೊಂಡು ಗಾಳಿಯಲ್ಲಿ ಬೆರಳು ಹಿಂಡುತ್ತಿದ್ದರು. ಪಕ್ಕದ ಕೋಣೆಯವರು ಇಣುಕಿ ನೋಡುವಷ್ಟು ನಗೆ. ಶೇಖರಪ್ಪನವರು ಭುಜ ತಟ್ಟಿದರು. ತನ್ನ ಶೈಲಿ ತನಗೆ ಸಿಕ್ಕಿತೆಂದು ವಿರೂಪಾಕ್ಷ ಎದೆಯುಬ್ಬಿಸಿ ನಡೆದ.

ಆ ತರಗತಿಯಲ್ಲಿ ಎಲ್ಲರಿಗಿಂತ ಚುರುಕು ಉಮ್ಮೆ ಕುಲ್ಸುಂ. ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿ ಮುಗಿಸಿ, ಈಗ ಓದು ಮುಂದುವರಿಸಿದ ಹೆಣ್ಣುಮಗಳು. ಮೂರನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದವರು ಅಹ್ಮದ್ ಪಾಷಾ. ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿಯವರು, ಗಡ್ಡ ನೆರೆತವರು.

ಒಂದು ಸೋಮವಾರ, ಹಿಂದಿನ ಶನಿವಾರ ಶುರುವಾಗಿದ್ದ ಪ್ಲಾಸಿ ಕದನದ ಪಾಠವೇ. ವಿರೂಪಾಕ್ಷ ಅಹ್ಮದ್ ಪಾಷಾರನ್ನು ಎಬ್ಬಿಸಿದ.

"ಯಾವ ಇಸವಿ ಹೇಳ್ರಿ, ಪಾಷಾರ."

ಅವರು ಗಡ್ಡ ಸವರಿಕೊಂಡು ನಕ್ಕರು. "ನೆನಪಿಗೆ ಬರ್ತಿಲ್ಲ ಸಾರ್."

ವಿರೂಪಾಕ್ಷ ನೇರವಾಗಿ ಉಮ್ಮೆ ಕುಲ್ಸುಂ ಕಡೆ ತಿರುಗಿದ. ಆಕೆಗೆ ತಪ್ಪುವುದೇ ಇಲ್ಲ.

ಆಕೆ ಎದ್ದಳು. ಬೆಂಚನ್ನೇ ನೋಡುತ್ತಾ, "ಗೊತ್ತಿಲ್ಲ ಸಾರ್" ಅಂದಳು.

"ಏನ್ರೀ! ಶನಿವಾರ ನೀವ ಹೇಳಿದ್ರಲ್ಲ?"

"ಗೊತ್ತಿಲ್ಲ ಸಾರ್."

ನಾಚಿಕೆಯಿರಬೇಕು ಎಂದುಕೊಂಡ ವಿರೂಪಾಕ್ಷ. ಸಲಿಗೆಯಿಂದಲೇ ಅಂದ: "ದೂರದಿಂದನ ಹಿಡೀರೆವ್ವಾ. ಅಜ್ಜಾರ ಮೂಗು ಉದ್ದ ಐತಿ, ಅಲ್ಲಿಂದನ ಸಿಗತೈತಿ."

ಯಾರೂ ನಗಲಿಲ್ಲ.

ಮುನಿಕೃಷ್ಣಪ್ಪನನ್ನು ಕೇಳಿದ. "ಗೊತ್ತಿಲ್ಲ ಸಾರ್." ಫೈಸಲ್‌ನನ್ನು ಕೇಳಿದ. "ಗೊತ್ತಿಲ್ಲ ಸಾರ್." ಗಾರ್ಮೆಂಟ್ಸಿನ ಹೆಂಗಸರು, ಕೊನೆಯ ಬೆಂಚಿನವರು, ಎಲ್ಲರದೂ ಅದೇ ಮಾತು.

"ಇಡೀ ಕ್ಲಾಸ ಮೇಯಾಕ ಹೋಗಿತ್ತೇನು?" ಎಂದು ಸಿಟ್ಟಿನಿಂದ ಬೋರ್ಡಿನ ಮೇಲೆ ತಾನೇ ೧೭೫೭ ಎಂದು ಬರೆದ. ಒತ್ತಿ ಬರೆದ ರಭಸಕ್ಕೆ ಸೀಮೆಸುಣ್ಣ ಮುರಿಯಿತು. ಅಹ್ಮದ್ ಪಾಷಾ ಇನ್ನೂ ನಿಂತೇ ಇದ್ದರು. ಕೂರಲು ಹೇಳುವುದು ಅವನಿಗೆ ನೆನಪಾಗಲಿಲ್ಲ.

ತರಗತಿ ಬಿಟ್ಟ ಮೇಲೆ ಮುನಿಕೃಷ್ಣಪ್ಪ ಟೀ ಅಂಗಡಿಯ ತನಕ ಹಿಂದೆಯೇ ಬಂದ.

"ಸಾರ್, ತಪ್ ತಿಳ್ಕೋಬೇಡಿ. ಅವ್ರು ಆಯಮ್ಮನ ಮಾವ."

"ಯಾರು?"

"ಪಾಷಾ ಸಾಹೇಬ್ರು. ಗಂಡನ ತಂದೆ. ಸೊಸೆ ಓದ್ಲಿ ಅಂತ ಅವ್ರೇ ಸೇರ್ಸಿದ್ದು. ಸಂಜೆ ಹೊತ್ತು ಒಂಟಿ ಕಳ್ಸೋಕಾಗಲ್ಲ, ಮಗ ಅಂಗಡೀಲಿ ಇರ್ತಾನೆ. ದಿನಾ ಇವ್ರೇ ಕರ್ಕೊಂಡ್ಬಂದು ಹೊರ್ಗಡೆ ಕಾಯ್ತಿದ್ರು. ನಮ್ಮ ಪ್ರಿನ್ಸಿಪಾಲ್ರು, ಸೊಳ್ಳೆ ಕೈಲಿ ಕಚ್ಚಿಸ್ಕೊಳ್ಳೋ ಬದ್ಲು ಒಳ್ಗೆ ಕೂತು ನೀವೂ ಓದಿ ಅಂದ್ರು. ನಮ್ಗೆಲ್ಲಾ ಗೊತ್ತಿತ್ತು. ನಿಮ್ಗೂ ಗೊತ್ತು ಅನ್ಕೊಂಡಿದ್ವಿ."

ವಿರೂಪಾಕ್ಷನ ಕೈಯಲ್ಲಿದ್ದ ಟೀ ಹಾಗೇ ಆರಿತು. ಅಜ್ಜಾರ ಮೂಗು ಉದ್ದ ಐತಿ. ತನ್ನದೇ ದನಿ ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸಿತು.

ಮಾರನೆಯ ದಿನ ಅವರಿಬ್ಬರೂ ಬರಲಿಲ್ಲ. ವಾರವೆಲ್ಲ ಬರಲಿಲ್ಲ. ಮಾವ ಬರುವುದು ನಿಲ್ಲಿಸಿದರೆ ಸೊಸೆಯ ಓದೂ ನಿಂತಂತೆ. ತಾನು ನಗಿಸಲು ಹೋಗಿ ಒಬ್ಬಳ ಓದನ್ನೇ ಕಿತ್ತೆನಲ್ಲ ಎನಿಸಿತು. ಕಳೆ ತೆಗೆಯಲು ಇಳಿದವನು ಬೆಳೆಯನ್ನೇ ಕಿತ್ತ ಹಾಗೆ.

ಭಾನುವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಗೆ ಹೋದ. ಹೂವಿನ ಸಾಲು ದಾಟಿ ಹಣ್ಣಿನ ಸಾಲಿನಲ್ಲಿ ಅಹ್ಮದ್ ಪಾಷಾ ಸೀಬೆಹಣ್ಣು ಒರೆಸಿ ಜೋಡಿಸುತ್ತಿದ್ದರು. ಇವನನ್ನು ಕಂಡವರೇ ಎದ್ದು ನಿಂತರು. ಆ ದಿನ ಎದ್ದು ನಿಂತಿದ್ದ ಹಾಗೆಯೇ.

"ಬನ್ನಿ ಸಾರ್, ಬನ್ನಿ. ಕೂತ್ಕೊಳ್ಳಿ. ಏ, ಸಾರ್‌ಗೆ ಚಾಯ್ ಹೇಳೋ!"

ವಿರೂಪಾಕ್ಷ ಬುಟ್ಟಿಗಳ ನಡುವಿನ ಸ್ಟೂಲಿನ ಮೇಲೆ ಕೂತ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೇ ಉಳಿದಿತ್ತು. ಕಡೆಗೆ, "ನಂದು ತಪ್ಪಾತ್ರಿ..." ಎಂದ. ಅಷ್ಟರಲ್ಲಿ ಹೆಂಗಸೊಬ್ಬಳು ದ್ರಾಕ್ಷಿ ಹೇಗೆ ಎಂದು ಕೇಳಿದಳು. ಅಹ್ಮದ್ ಪಾಷಾ ಅತ್ತ ತಿರುಗಿ ತೂಗಿ ಕಳಿಸಿದರು. ಆ ಮಾತು ಅವರಿಗೆ ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ ಹೇಳಲು ವಿರೂಪಾಕ್ಷನಿಗೆ ಬಾಯಿ ಬರಲಿಲ್ಲ.

"ನೀವು ಬರಬೇಕ್ರಿ. ಆ ಆಟ ಬಿಟ್ಟೀನಿ," ಎಂದಷ್ಟೇ ಅಂದ.

"ಅಯ್ಯೋ, ಮೂಗಿಂದೇನು ಸಾರ್. ಚಿಕ್ಕೋನಿದ್ದಾಗ ಉಸ್ತಾದ್ರು ಕಿವಿ ಹಿಂಡ್ತಿದ್ರು, ಅದ್ಕೇ ನೋಡಿ, ಇಷ್ಟುದ್ದ ಆಗಿದೆ." ನಗಲು ನೋಡಿದರು, ಆಗಲಿಲ್ಲ. ಹಣ್ಣೊಂದನ್ನು ತಿರುಗಿಸುತ್ತಾ ಕೂತರು. "ನಂಗೆ ನಾಚ್ಕೆ, ಶರಮ್ ಆಗಿದ್ದು ಬೇರೇದಕ್ಕೆ, ಸಾರ್. ನಮ್ ಸೊಸೆ, ಬಚ್ಚಿ, ಗೊತ್ತಿದ್ದೂ ಗೊತ್ತಿಲ್ಲ ಅಂದ್ಲು. ನನ್ ಸಲ್ವಾಗಿ ಅಂದ್ಲು. ನಾನ್ ಅಲ್ಲಿ ಕೂತಿರೋವರ್ಗೂ ಅವ್ಳು ಇನ್ಮೇಲೆ ಬಾಯಿ ಬಿಡಲ್ಲ. ಓದ್ಲಿ ಅಂತ ಕರ್ಕೊಂಡ್ಬಂದೋನು ನಾನೇ ಅಡ್ಡ ಕೂತಂಗಾಯ್ತು."

ಅವಮಾನ ಮಾಡಿದವನು ತಾನು. ಅದನ್ನು ತಮ್ಮದೆಂದು ಹೊತ್ತುಕೊಂಡು ಕೂತವರು ಇವರು.

"ಆಕಿನ ಕಳಸ್ರಿ," ಎಂದ ಮೆಲ್ಲಗೆ. ಹೊರಡುವಾಗ, ಇವನು ಬೇಡವೆಂದರೂ ಕೇಳದೆ ಅವರು ಸೀಬೆಹಣ್ಣಿನ ಚೀಲವನ್ನು ಕೈಗಿಟ್ಟರು. ಅದು ದಾರಿಯುದ್ದಕ್ಕೂ ಭಾರವಾಗಿತ್ತು.

ಸೋಮವಾರ ಇಬ್ಬರೂ ಬಂದರು. ಉಮ್ಮೆ ಕುಲ್ಸುಂ ಒಳಗೆ ಹೋಗಿ ಕೂತಳು. ಅಹ್ಮದ್ ಪಾಷಾ ಹೊರಗೆ ಜಗಲಿಯ ಮೆಟ್ಟಿಲ ಮೇಲೆ ಕೂತರು. ವಿರೂಪಾಕ್ಷ ತನ್ನ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಬಾಗಿಲ ಬಳಿ ಇಟ್ಟ.

"ಒಳಗ ಬರ್ರಿ. ಇಲ್ಲಾಂದ್ರ ಇದರ ಮ್ಯಾಲರೆ ಕೂಡ್ರಿ."

"ಇಲ್ಲೇ ಚೆನ್ನಾಗಿದೆ ಸಾರ್. ಗಾಳಿ ಬರ್ತದೆ."

ಕುರ್ಚಿ ಖಾಲಿಯೇ ಉಳಿಯಿತು. ವಿರೂಪಾಕ್ಷ ಬಾಗಿಲು ಮುಚ್ಚಲಿಲ್ಲ.

"ಇವತ್ತು ಮೂಗು ಇಲ್ವಾ ಸಾರ್?" ಫೈಸಲ್ ಪಿಸುಗುಟ್ಟಿದ.

"ಬಾಯ್ ಮುಚ್ಕೊಂಡ್ ಕೂತ್ಕೊಳೋ ಮಗಾ," ಎಂದು ಮುನಿಕೃಷ್ಣಪ್ಪ ಗದರಿದ.

ವಿರೂಪಾಕ್ಷ ನೋಟ್ಸು ಮಡಚಿಟ್ಟ. ಬಾಗಿಲ ಕಡೆ ಮುಖ ಮಾಡಿ, ಊರಿನ ಕಟ್ಟೆಯ ಮೇಲೆ ಕೂತವರಿಗೆ ಹೇಳುವ ಹಾಗೆ ಹೇಳತೊಡಗಿದ. ಅದೇ ಪ್ಲಾಸಿ ಕದನ. ನವಾಬ ಸಿರಾಜುದ್ದೌಲನಿಗೆ ಎಷ್ಟು ಚಿಕ್ಕ ವಯಸ್ಸು, ಅವನ ಸೇನಾಪತಿ ಹೇಗೆ ಸುಮ್ಮನೆ ನಿಂತುಬಿಟ್ಟ. ಮಾತು ಮೆಟ್ಟಿಲಿನವರೆಗೆ ಮುಟ್ಟಬೇಕು, ಹಾಗಾಗಿ ಗೊಣಗುವಂತಿರಲಿಲ್ಲ, ಓಡುವಂತಿರಲಿಲ್ಲ. ಒಂದು ಮಾತು ಮುಗಿದ ಮೇಲೆ ಅದು ಹೊರಗೆ ತಲುಪಲಿ ಎಂದು ತುಸು ನಿಲ್ಲುತ್ತಿದ್ದ. ನಗೆ ಇರಲಿಲ್ಲ. ಒಂದಿಬ್ಬರು ಆಕಳಿಸಿದರು. ಆದರೆ ಯಾರೂ ಮಲಗಲಿಲ್ಲ.

ಕೊನೆಗೆ ಕೇಳಿದ: "ಸೇನಾಪತಿ ಯಾಕ ಸುಮ್ಮನ ನಿಂತ? ಯಾರರೆ ಹೇಳ್ರಿ. ಕುಂತ ಹೇಳ್ರಿ. ಪಕ್ಕದವರನ್ನ ಕೇಳಿ ಹೇಳಿದ್ರೂ ಅಡ್ಡಿ ಇಲ್ಲ."

ಯಾರೂ ಬಾಯಿ ಬಿಡಲಿಲ್ಲ. ಹೆಸರು ಹಿಡಿದು ಕೂಗಲು ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡು ಕಾದ. ಬಿತ್ತಿದ ಮೇಲೆ ಕಾಯುವುದನ್ನು ಬಲ್ಲ ಮನೆಯಿಂದಲೇ ಬಂದವನು, ತರಗತಿಯಲ್ಲಿ ಮಾತ್ರ ಎಂದೂ ಕಾದಿರಲಿಲ್ಲ.

ಉಮ್ಮೆ ಕುಲ್ಸುಂ ಬಾಗಿಲ ಕಡೆ ನೋಡಿದಳು. ಆಮೇಲೆ ಹೇಳಿದಳು, ಹೊರಗೂ ಕೇಳುವಷ್ಟು ಗಟ್ಟಿಯಾಗಿ: "ನವಾಬ್ ಪಟ್ಟ ಅವ್ನಿಗೇ ಕೊಡ್ತೀವಿ ಅಂತ ಕಂಪನಿಯೋರು ಮೊದಲೇ ಮಾತು ಕೊಟ್ಟಿದ್ರು ಸಾರ್."

ಮೆಟ್ಟಿಲ ಮೇಲಿಂದ, "ಶಾಬಾಶ್ ಬೇಟಿ" ಎಂಬ ದನಿ ಬಂತು. ತರಗತಿ ನಕ್ಕಿತು. ಉಮ್ಮೆ ಕುಲ್ಸುಂ ದುಪಟ್ಟಾದ ಅಂಚು ಕಚ್ಚಿ ತಲೆ ತಗ್ಗಿಸಿದಳು.

ವಿರೂಪಾಕ್ಷನಿಗೂ ನಗಬೇಕೆನಿಸಿತು. ಅಷ್ಟರಲ್ಲಿ ಮೂರನೇ ಬೆಂಚಿನ ತುದಿ ಕಣ್ಣಿಗೆ ಬಿತ್ತು. ಅಲ್ಲಿ ಯಾರೂ ಕೂತಿರಲಿಲ್ಲ.

ಆ ವರ್ಷ ಅಹ್ಮದ್ ಪಾಷಾ ಮತ್ತೆ ಒಳಗೆ ಬರಲೇ ಇಲ್ಲ. ವಿರೂಪಾಕ್ಷ ದಿನವೂ ಕುರ್ಚಿ ತಂದಿಡುತ್ತಿದ್ದ, ಅವರು ದಿನವೂ ಮೆಟ್ಟಿಲ ಮೇಲೆ ಕೂರುತ್ತಿದ್ದರು.