ಸುರಂಗ ಬಾವಿಯ ಹಗ್ಗ

ಔರಾದದ ಮಡೆಪ್ಪ ಅಂದರೆ ಅಪ್ಪಟ ಬಾವಿ ಕಪ್ಪೆ. ನಲವತ್ತೈದು ವರ್ಷ ತನ್ನೂರಿನ ಮೆಟ್ಟಿಲು ಬಾವಿ ಬಿಟ್ಟು ಬೇರೆ ನೀರು ಕಂಡವನಲ್ಲ, ಕಾಣಬೇಕಂತ ಅನಿಸಿದವನೂ ಅಲ್ಲ. "ನಮ್ಮ ಬಾವಿ ಮುಂದ ಗಂಗಿ ನೀರೂ ಸಪ್ಪಗ" ಅನ್ನುವ ಗಿರಾಕಿ. ಅಂಥವನು ಪೊಲೀಸ್ ಆಕ್ಷನ್ ಆಗಿ ನಿಜಾಮಶಾಹಿ ಮುಗಿದ ಮರುವರ್ಷದ ಬೇಸಿಗೆಯಲ್ಲಿ ರೊಟ್ಟಿ ಗಂಟು ಕಟ್ಟಿಕೊಂಡು ಕಂಡವರ ಊರಿನ ಕೆರೆ, ಬಾವಿ ನೋಡುತ್ತ ಹೊರಟನೆಂದರೆ ಯಾರು ನಂಬಬೇಕು!

ಕಾರಣ ಇತ್ತು. ಊರ ಬಾವಿಯ ಸೆಲೆ ಹೂಳು ತುಂಬಿ ಕಟ್ಟಿತ್ತು, ಕುಡಿಯಲು ನೀರಿಲ್ಲ. ಸೆಲೆಯ ಬಾಯಿ ಯಾವ ಕಲ್ಲಿನ ಹಿಂದಿದೆ ಅಂತ ಬಲ್ಲವನು ಜಹೀರೋದ್ದೀನ ಒಬ್ಬನೇ. ಹದಿನೆಂಟು ವರ್ಷ ಅವನು ಮೆಟ್ಟಿಲು ಮುಗಿದಲ್ಲಿಂದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಹೂಳು ತೆಗೆದವನು. ಮೇಲೆ ನಿಂತು ಹಗ್ಗ ಹಿಡಿದವನು ಮಡೆಪ್ಪ. ಪೊಲೀಸ್ ಆಕ್ಷನ್ನಿನ ಗದ್ದಲದ ವಾರ, ಊರಿನ ಮುಸಲ್ಮಾನರ ಮನೆಗಳ ಜೊತೆ ಜಹೀರೋದ್ದೀನನ ಮನೆಗೂ ಬೆಂಕಿ ಬಿತ್ತು. ಅವನು ಓಡಿಬಂದು ಮಡೆಪ್ಪನ ಬಾಗಿಲು ಬಡಿದ, "ಮಡೆಪ್ಪಣ್ಣಾ" ಅಂತ ಮೂರು ಸಲ ಕೂಗಿದ. ಮಡೆಪ್ಪ ಒಳಗಿನಿಂದ ಚಿಲಕ ಹಾಕಿಕೊಂಡ. ಆಮೇಲೆ ಜಹೀರೋದ್ದೀನ ಎಲ್ಲಿ ಹೋದನೋ ಸುದ್ದಿಯೇ ಇಲ್ಲ.

"ನೀರಿನ ಮನಷಾ ನೀರು ಬಿಟ್ಟು ಎಲ್ಲಿಗಿ ಹೋಗ್ತಾನ?" ಅಂದಳು ಹೆಂಡತಿ ಗುಂಡಮ್ಮ. "ನೀರು ಹುಡುಕ್ಕೊಂತ ಹೋಗ್ರಿ, ಅವ ಸಿಗ್ತಾನ."

ಮೊದಲು ಭಾಲ್ಕಿ. ಅಲ್ಲಿಯ ಹಳೇ ಬಾವಿಯ ಬಾಯಿಗಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಮುಳುಗುವಷ್ಟು ಗೆರೆ ಬಿದ್ದಿದ್ದವು. ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಸೇದಿರಬೇಕು, ಕಲ್ಲು ಸವೆಯಬೇಕಾದರೆ! ಮಡೆಪ್ಪ ಆ ಗೆರೆಯೊಳಗೆ ಬೆರಳಿಟ್ಟು ಬಹಳ ಹೊತ್ತು ನಿಂತ. ಜಹೀರೋದ್ದೀನ ಅಲ್ಲಿರಲಿಲ್ಲ.

ಅಲ್ಲಿಂದ ಬೀದರ. ಪಾಪನಾಶದ ಕೆರೆ ಕಂಡ ಕೂಡಲೇ "ಅಬಬಬಾ!" ಅಂದುಬಿಟ್ಟ. ಗುಡ್ಡದ ಮಡಿಲಲ್ಲಿ ಅಷ್ಟೊಂದು ನೀರು ಸದ್ದಿಲ್ಲದೆ ಕೂತಿತ್ತು. ಹೆಸರು ಕೇಳಿ ಮೂರು ಮುಳುಗು ಹಾಕಿದ. ಪಾಪ ಹೋಯಿತೋ ಇಲ್ಲವೋ, ಕಿವಿಯಲ್ಲಂತೂ ನೀರು ಹೋಯಿತು. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು, "ಔರಾದದವನೊಬ್ಬ ನೌಬಾದದ ಸುರಂಗ ಬಾವ್ಯಾಗ ಹೂಳು ತೆಗಿತಾನ ನೋಡಪಾ" ಅಂದಳು.

ನೌಬಾದದ ಬಯಲಲ್ಲಿ ಬಾವಿಗಳು ಸಾಲಾಗಿ ಇದ್ದವು. ಒಂದರ ಬಾಯಲ್ಲಿ ಜಹೀರೋದ್ದೀನ ಕೂತಿದ್ದ. ಗಡ್ಡ ನರೆತಿತ್ತು. ಮಡೆಪ್ಪನನ್ನು ಕಂಡು ತಲೆ ಎತ್ತಿದ.

"ಯಾಕ ಬಂದೀರಿ?"

"ಸೆಲಿ ಕಟ್ಟ್ಯಾದ ಜಹೀರಭಾಯಿ. ಊರಿಗಿ ನೀರಿಲ್ಲ. ನೀ ಬರಬೇಕು."

ಜಹೀರೋದ್ದೀನ ಹಗ್ಗ ಎತ್ತಿ ಅವನ ಮುಂದೆ ಒಗೆದ. "ಮೊದಲ ನೀವು ಇಳೀರಿ. ಈ ಸಲ ಹಗ್ಗ ನಾ ಹಿಡಿತೇನಿ."

ಮಡೆಪ್ಪ ಬಾವಿಯೊಳಗೆ ಇಣುಕಿ ಹಿಂದೆ ಸರಿದ. ಆದರೂ ಹಗ್ಗ ಬಿಗಿದುಕೊಂಡು, ಗೋಡೆಯ ಗೂಡುಗಳಲ್ಲಿ ಕಾಲಿಡುತ್ತ ಇಳಿದ.

ಕೆಳಗೆ ಮುಟ್ಟಿದವನು ಹೆದರಿಕೆಯನ್ನೇ ಮರೆತ. ಅದು ಬಾವಿಯೇ ಅಲ್ಲ! ಕಲ್ಲು ಕಡಿದು ಮಾಡಿದ ಓಣಿ, ಓಣಿ ತುಂಬ ಮೊಣಕಾಲುದ್ದ ತಣ್ಣನೆ ನೀರು ನಡೆದುಹೋಗುತ್ತಿತ್ತು. ನಡು ಮಧ್ಯಾಹ್ನದ ಬಿಸಿಲು ಒಂದೊಂದು ಬಾವಿಯ ಬಾಯಿಂದ ಇಳಿದು, ದೂರದವರೆಗೆ ಕಂಬ ಕಂಬವಾಗಿ ನಿಂತಿತ್ತು. ಮೇಲೆ ಬೆಂಕಿಯಂಥ ನೆಲ, ಕೆಳಗೆ ಇಂಥ ತಂಪು. ಯಾವ ಕಾಲದ ಯಾರೋ ಪುಣ್ಯಾತ್ಮರು, ಹುಟ್ಟದಿರುವ ಮಂದಿಯ ಬಾಯಾರಿಕೆ ನೆನೆದು ಇಷ್ಟು ಕಡಿದಿದ್ದರು. ಬೊಗಸೆ ತುಂಬ ಕುಡಿದ. ಅಯ್ಯೋ ಶಿವನೇ, ಏನು ಸಿಹಿ! ತನ್ನೂರ ಬಾವಿಯ ಜಂಬವೆಲ್ಲ ಆ ಬೊಗಸೆಯಲ್ಲೇ ಮುಳುಗಿತು, ಕಣ್ಣು ತುಂಬಿ ಬಂತು.

ಮೇಲೆ ಬರಲು ಹಗ್ಗ ಜಗ್ಗಿದ. ಹಗ್ಗ ಸಡಿಲಾಗಿ ಕೈಗೆ ಬಂತು. ಮತ್ತೆ ಜಗ್ಗಿದ, ಇನ್ನಷ್ಟು ಬಂತು. ತಲೆ ಎತ್ತಿದರೆ ಬಾವಿಯ ಬಾಯಲ್ಲಿ ಜಹೀರೋದ್ದೀನನ ಮುಖ ಇಲ್ಲ.

"ಜಹೀರಭಾಯಿ!"

ಕೂಗು ಓಣಿಯುದ್ದಕ್ಕೂ ಹೋಗಿ ತಿರುಗಿ ಅವನಿಗೇ ಬಂತು.

"ಜಹೀರಭಾಯಿ!"

ಮುಚ್ಚಿದ ಬಾಗಿಲ ಆಚೆ ನಿಂತವನಿಗೆ ಹೇಗಿರುತ್ತದೆ ಅಂತ ಮಡೆಪ್ಪನಿಗೆ ಆಗ ತಿಳಿಯಿತು. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದ.

ಹಗ್ಗ ಬಿಗಿಯಿತು.

ಮೇಲೆ ಬಂದು ಕಟ್ಟೆಗೆ ಒರಗಿದವನ ಪಕ್ಕ ಜಹೀರೋದ್ದೀನ ಕೂತ. "ಮೂರು ಸಲ ಕರದ್ರಿ," ಅಂದ. "ನಾನೂ ಅಷ್ಟೇ ಕರದಿದ್ದೆ. ನಾಲ್ಕನೇದು ಕರೀಲಿಕ್ಕ ನನಗ ಬಾಯಿ ಬರಲಿಲ್ಲ."

ಮಡೆಪ್ಪ ಹುಡುಗರಂತೆ ಅತ್ತ. ಬಲಗೈ ಚಾಚಿ, "ಚಿಲಕ ಹಾಕಿದ್ದು ಇದೇ ಕೈ. ಹೆದರಿದ್ದೆ ಜಹೀರಭಾಯಿ. ತಪ್ಪಾಯ್ತು," ಅಂದ.

ಜಹೀರೋದ್ದೀನ ಆ ಕೈಯನ್ನೇ ನೋಡುತ್ತ ಕೂತ. ಆಮೇಲೆ ಹಗ್ಗ ಸುತ್ತಿ, ಸಿಂಬಿ ಮಾಡಿ, ಮಡೆಪ್ಪನ ಆ ಕೈಯಲ್ಲೇ ಇಟ್ಟ.

"ಊರ ತನಕ ನೀವೇ ಹೊರ್ರಿ. ಬಾವ್ಯಾಗ ನಾ ಇಳದಾಗ ಇದೇ ಕೈಲೆ ಹಿಡೀರಿ."