ಸರದಿ ಬಿಟ್ಟುಕೊಟ್ಟವರು

ಶಿವಮೊಗ್ಗದ ನಮ್ಮ ಕಣ್ಣಾಸ್ಪತ್ರೆಗೆ ಟೋಕನ್ ಯಂತ್ರ ಬಂದ ಮೇಲೆ ಬೈಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಕೌಂಟರಿನಲ್ಲಿ ಕೂರುವವಳು ನಾನು, ಕವನ. ನಂಬರ್ ಕರೆದಾಗ ಬಾಗಿಲಿಗೆ ಬರದವರ ಟೋಕನ್ನನ್ನು ಆ ಯಂತ್ರ ರದ್ದು ಮಾಡಿಬಿಡುತ್ತಿತ್ತು. ಜನ ಬಂದು ನನ್ನ ಮೇಲೆ ಎಗರಾಡುತ್ತಿದ್ದರು. "ವಯಸ್ಸಾದೋರಿಗೆ ನಂಬರ್ ಕಾಣ್ಸಲ್ಲ, ಪರದೆ ದೊಡ್ಡದು ಮಾಡಿ" ಎಂದು ಮ್ಯಾನೇಜರ್ ಲಿಂಗಪ್ಪನವರು ಯಂತ್ರದ ಕಂಪನಿಗೆ ಹೇಳಿದರು. ಕಂಪನಿ ಪರದೆಯ ಬದಲು ಸಫೂರಾಳನ್ನು ಕಳಿಸಿತು.

ಜನ ಒಂದು ವಸ್ತುವನ್ನು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ನೋಡುವುದೇ ಅವಳ ಉದ್ಯೋಗವಂತೆ. ಇದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ನನಗೆ ಮೈ ಉರಿಯಿತು. ಬಂದವಳು ಯಂತ್ರದ ಹತ್ತಿರವೂ ಸುಳಿಯದೆ ರೋಗಿಗಳ ಬೆಂಚಿನಲ್ಲಿ ಕೂತು ಅಜ್ಜಿಯರ ಜೊತೆ ಹರಟತೊಡಗಿದಳು.

"ಏನ್ ಮಾರಾಯ್ತಿ, ಕೆಲಸ ಯಾವಾಗ ಶುರು ಮಾಡ್ತೀಯಾ?" ಎಂದು ಕೇಳಿದೆ.

"ಮಾಡ್ತಾನೇ ಇದ್ದೀನಲ್ಲ ಅಕ್ಕಾ" ಎಂದು ನಕ್ಕಳು.

ಭದ್ರಾವತಿ ಓಲ್ಡ್ ಟೌನಿನಲ್ಲಿ ಲಾರಿ ರಿಪೇರಿ ಮಾಡುವ ಪೀರ್ ಬಾಷಾ ಅವರ ಮಗಳು ಅವಳು. ಡ್ರೈವರನ ಮಾತು ಪೂರ್ತಿ ಕೇಳುವ ತನಕ ಅಪ್ಪ ಬಾನೆಟ್ ಎತ್ತುತ್ತಿರಲಿಲ್ಲವಂತೆ. ಅದನ್ನು ನೋಡುತ್ತಲೇ ಬೆಳೆದವಳು. ಭಾನುವಾರ ಇಲ್ಲೇ ಶಿವಮೊಗ್ಗದ ರಾಗಿಗುಡ್ಡದ ಹೆಂಗಸರಿಗೆ ಮೊಬೈಲ್ ಬಳಸುವುದನ್ನು ಹೇಳಿಕೊಟ್ಟು, ಅವರಿಂದ ಕಸೂತಿ ಕಲಿಯುತ್ತಾಳೆ.

ಒಂದು ಗುರುವಾರ, ತಿಂಗಳಿಗೊಮ್ಮೆ ಬರುವ ದೊಡ್ಡ ಡಾಕ್ಟರು ಬಂದಿದ್ದರು. ರಾಗಿಗುಡ್ಡದ ಉಚ್ಚಂಗಮ್ಮನವರ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಉಳಿಯಬೇಕಾದರೆ ಅವತ್ತೇ ತೋರಿಸಬೇಕಿತ್ತು. ಯಂತ್ರ ಅವರ ನಂಬರ್ ಕರೆಯಿತು. ಅವರೋ ಪಕ್ಕದಲ್ಲಿ ಕೂತಿದ್ದ ಹೊಳೆಹೊನ್ನೂರಿನ ಹೆಂಗಸನ್ನು ಎಬ್ಬಿಸಿದರು.

"ನಿನ್ ಬಸ್ ಹೊರಟೋಗುತ್ತೆ, ನೀನ್ ಹೋಗವ್ವ. ನನ್ ಮನೆ ಇಲ್ಲೇ ಐತೆ."

ಆಕೆ ಒಳಗೆ ಹೋದದ್ದೇ ತಡ, ಉಚ್ಚಂಗಮ್ಮನವರ ಟೋಕನ್ ರದ್ದಾಯಿತು. ಅದು ಅವರಿಗೂ ತಿಳಿಯಲಿಲ್ಲ, ಸಫೂರಾಗೂ ತಿಳಿಯಲಿಲ್ಲ. ಈಗ ಕರೀತಾರೆ, ಆಗ ಕರೀತಾರೆ ಎಂದು ಪಾಪ ಕೂತೇ ಇದ್ದರು. ಸಂಜೆ ಡಾಕ್ಟರು ಬ್ಯಾಗು ಹಿಡಿದು ಹೊರಗೆ ಬಂದರು. ಆಗ ಉಚ್ಚಂಗಮ್ಮನವರು ಎದ್ದು ಬಂದು ಟೋಕನ್ ಚೀಟಿ ತೋರಿಸಿದರು.

"ಕರ್ದಾಗ ಬರ್ಲಿಲ್ಲ ಅಂತ ತೋರಿಸ್ತಿದೆ. ಬರೋ ತಿಂಗಳು ಬರ್ಲಿ" ಎಂದರು ಲಿಂಗಪ್ಪನವರು.

ಸಫೂರಾ ಅಡ್ಡ ಬಂದಳು. "ಇವ್ರು ಬರ್ದೇ ಇದ್ದಿದ್ದಲ್ಲ ಸಾರ್, ಬೇರೆಯವ್ರಿಗೆ ಸರದಿ ಬಿಟ್ಕೊಟ್ಟಿದ್ದು. ನಾನೇ ನೋಡಿದೀನಿ. ಇಲ್ಲಿ ಎಷ್ಟೋ ಜನ ಹಿಂಗೇ ಬಿಟ್ಕೊಡ್ತಾರೆ. ನಮ್ ಮೆಷಿನ್‌ಗೆ ಅದು ಅರ್ಥ ಆಗಲ್ಲ. ತಪ್ಪು ನಮ್ಮದು, ಇವ್ರ ಕಣ್ಣು ಯಾಕ್ ಹೋಗ್ಬೇಕು?"

ದುಡ್ಡು ಕೊಡುವವರ ಎದುರಿಗೇ ತನ್ನ ಕಂಪನಿಯ ತಪ್ಪನ್ನು ಹೀಗೆ ಹೇಳಿದವರನ್ನು ನಾನು ಕಂಡಿರಲಿಲ್ಲ. ಡಾಕ್ಟರು ಬ್ಯಾಗು ಹಿಡಿದೇ ವಾಪಸ್ ಒಳಗೆ ಹೋಗಿ ಕೂತರು.

ಉಚ್ಚಂಗಮ್ಮನವರ ಕಣ್ಣು ಉಳಿಯಿತು. ಬಾಗಿಲ ಬಳಿ ಒಂದು ಹಸಿರು ಗುಂಡಿಯೂ ಬಂತು. ಅದನ್ನು ಒತ್ತಿದರೆ ಹಿಂದಿನವರು ಮುಂದೆ ಹೋಗಬಹುದು, ಒತ್ತಿದವರ ಟೋಕನ್ ರದ್ದಾಗುವುದಿಲ್ಲ.

ಮೊನ್ನೆ ಉಚ್ಚಂಗಮ್ಮನವರು ತಪಾಸಣೆಗೆ ಬಂದಿದ್ದರು. ಅವರ ಹಿಂದಿನ ಟೋಕನ್ ಪೀರ್ ಬಾಷಾ ಅವರದು, ಜೊತೆಗೆ ಮಗಳು. ನಂಬರ್ ಕರೆದದ್ದೇ ಉಚ್ಚಂಗಮ್ಮನವರು ಗುಂಡಿ ಒತ್ತಿದರು.

"ಸಫೂರನ ಅಪ್ಪಾರು ಮೊದ್ಲು ಹೋಗ್ಲಿ."

"ಬ್ಯಾಡಮ್ಮ, ದೊಡ್ಡೋರು ನೀವು" ಎಂದು ಪೀರ್ ಬಾಷಾ ಅವರೂ ಒತ್ತಿದರು. ಉಚ್ಚಂಗಮ್ಮನವರು ಮತ್ತೆ ಒತ್ತಿದರು. ಪರದೆಯ ಮೇಲೆ ಎರಡೇ ನಂಬರು ಅದಲುಬದಲಾಗುತ್ತಾ ನಿಂತವು. ಒಳಗೆ ಡಾಕ್ಟರು ಖಾಲಿ ಕೂತಿದ್ದರು.

"ಹಿಂಗಾಗುತ್ತೆ ಅಂತ ಯೋಚ್ನೆ ಮಾಡಿದ್ಯೇನೇ ಮಾರಾಯ್ತಿ?" ಎಂದು ಕೂಗಿದೆ.

"ಇಲ್ಲ ಅಕ್ಕಾ" ಎಂದಳು ಸಫೂರಾ. ನಗುತ್ತಲೇ ಕಣ್ಣೊರೆಸಿಕೊಂಡು, ಮತ್ತೆ ಅದೇ ಬೆಂಚಿನಲ್ಲಿ ಕೂತು ನೋಡತೊಡಗಿದಳು.